ಕ್ಷಯ ಚಿಕಿತ್ಸೆಯ ಆರು ತಿಂಗಳು: ರೋಗಿಯ ಊಟ, ತೂಕ, ಸಕ್ಕರೆಯನ್ನು ಮನೆಯವರು ನೋಡಿಕೊಳ್ಳುವ ಬಗೆ

ಕ್ಷಯರೋಗ ಪತ್ತೆಯಾದ ದಿನ ಮನೆಯವರ ಕೈಗೆ ಮಾತ್ರೆಗಳು ಬರುತ್ತವೆ, ಆರು ತಿಂಗಳು ತಪ್ಪದೆ ನುಂಗಿಸಬೇಕೆಂಬ ಎಚ್ಚರಿಕೆಯೂ ಬರುತ್ತದೆ. ಊಟದ ವಿಷಯಕ್ಕೆ ಮಾತ್ರ ‘ಚೆನ್ನಾಗಿ ತಿನ್ನಿಸಿ’ ಎಂಬ ಒಂದೇ ಸಾಲು ಸಿಗುತ್ತದೆ. ಏನನ್ನು ತಿನ್ನಿಸಬೇಕು, ಎಷ್ಟು, ಯಾವ ಹೊತ್ತಿಗೆ, ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಏನು ಮಾಡಬೇಕು ಎಂಬುದನ್ನು ಮನೆಯವರೇ ಊಹಿಸಿಕೊಳ್ಳಬೇಕಾಗುತ್ತದೆ. ಆ ಊಹೆಯಲ್ಲಿ ಹಳೆಯ ಪಥ್ಯ, ನೆರೆಮನೆಯವರ ಸಲಹೆ, ಅಂಗಡಿಯ ಪ್ರೋಟೀನ್ ಡಬ್ಬಿ ಎಲ್ಲವೂ ಬೆರೆತುಹೋಗುತ್ತವೆ. ಚಿಕಿತ್ಸೆ ಆರಂಭಿಸಿದ ವಯಸ್ಕ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಬರೆದ ಕೈಪಿಡಿ ಇದು. ವೈದ್ಯರು ಹೇಳಿದ್ದನ್ನು ಬದಲಿಸಲು ಇದನ್ನು ಬಳಸಬಾರದು. ಅವರನ್ನು ಏನು ಕೇಳಬೇಕೆಂದು ತಿಳಿಯಲು ಬಳಸಬಹುದು.

ಊಟಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಗಟ್ಟಿಯಾದ ಆಧಾರವಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೊಡನೆ ಸೇರಿ ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ಸುಮಾರು 2,800 ರೋಗಿಗಳಿಗೆ ಔಷಧದ ಜೊತೆಗೆ ಪ್ರತಿ ತಿಂಗಳು ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ ಸೇರಿದ 10 ಕಿಲೋ ಆಹಾರ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಟ್ಟರು. ಆ ರೋಗಿಗಳಲ್ಲಿ 80 ಪ್ರತಿಶತಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಬಂದಾಗಲೇ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಮೊದಲ ಎರಡು ತಿಂಗಳಲ್ಲಿ ತೂಕವನ್ನು 5 ಪ್ರತಿಶತದಷ್ಟು ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಸುಮಾರು 60 ಪ್ರತಿಶತ ಕಡಿಮೆಯಿತ್ತು. ರೋಗ ಹಗುರವಾಗಿದ್ದವರೇ ಬೇಗ ತೂಕ ಪಡೆದಿರಲೂಬಹುದು, ಆದ್ದರಿಂದ ಇಡೀ ಶ್ರೇಯಸ್ಸನ್ನು ಊಟಕ್ಕೇ ಕೊಡುವಂತಿಲ್ಲ. ಆದರೂ ಎರಡು ತಿಂಗಳ ಕೊನೆಯಲ್ಲಿ ತೂಕದ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ರೋಗಿಯ ಮುಂದಿನ ದಿನಗಳ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಹಾಗಿದ್ದರೆ ಆಸ್ಪತ್ರೆಗಳಲ್ಲಿ ಊಟದ ಮಾತು ಇಷ್ಟು ಕಾಲ ಏಕೆ ಹಿಂದೆ ಬಿತ್ತು? ಔಷಧಗಳಿಲ್ಲದ ಕಾಲದಲ್ಲಿ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂನಂಥ ಕ್ಷಯದ ಆಸ್ಪತ್ರೆಗಳಲ್ಲಿ ಹಾಲು, ಮೊಟ್ಟೆ, ವಿಶ್ರಾಂತಿ ಮತ್ತು ಶುದ್ಧ ಗಾಳಿಯೇ ಚಿಕಿತ್ಸೆಯ ಬಹುಭಾಗವಾಗಿದ್ದವು. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಹೆಸರಾಂತ ಅಧ್ಯಯನವು, ಇಕ್ಕಟ್ಟಾದ ಮನೆಯಲ್ಲಿ ಬಡ ಊಟ ಮಾಡುತ್ತಲೇ ಔಷಧ ತೆಗೆದುಕೊಂಡವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ತೋರಿಸಿತು. ಲಕ್ಷಾಂತರ ಬಡವರಿಗೆ ಮನೆಯಲ್ಲೇ ಚಿಕಿತ್ಸೆ ಸಿಗುವಂತಾದದ್ದು ಇದರಿಂದಲೇ. ಆದರೆ ‘ಸ್ಯಾನಿಟೋರಿಯಂ ಬೇಕಾಗಿಲ್ಲ’ ಎಂಬ ತೀರ್ಮಾನವನ್ನು ಕ್ರಮೇಣ ‘ಊಟ ಮುಖ್ಯವಲ್ಲ’ ಎಂದು ಓದಿಕೊಂಡದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ಅದೇ ಅಧ್ಯಯನದಲ್ಲಿ ಸ್ಯಾನಿಟೋರಿಯಂನವರು ಮನೆಯಲ್ಲಿದ್ದವರಿಗಿಂತ ಹೆಚ್ಚು ತೂಕ ಪಡೆದಿದ್ದರೆಂಬ ಅಂಶವನ್ನು ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ.

ಮೊದಲು ಅಳೆಯಬೇಕಾದದ್ದು

ಚಿಕಿತ್ಸೆ ಆರಂಭವಾಗುವ ದಿನ ರೋಗಿಯ ತೂಕ ಮತ್ತು ಎತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಉದಾಹರಣೆಗೆ 1.60 ಮೀಟರ್ ಎತ್ತರದ, 42 ಕಿಲೋ ತೂಕದ ವ್ಯಕ್ತಿಯ ಬಿಎಂಐ 16.4. ಇದು 18.5ಕ್ಕಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 16ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. 14ಕ್ಕಿಂತಲೂ ಕೆಳಗಿದ್ದರೆ, ಅಥವಾ ರೋಗಿ ಎದ್ದು ನಿಲ್ಲಲಾರದಷ್ಟು ನಿತ್ರಾಣನಾಗಿದ್ದರೆ, ಕಾಲು ಊದಿಕೊಂಡಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಮನೆಯಲ್ಲಿ ನೋಡಿಕೊಳ್ಳಲು ಹೋಗದೆ ಆಸ್ಪತ್ರೆಗೆ ಸೇರಿಸಬೇಕು.

ಅಷ್ಟು ಕೃಶರಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯಕಾರಿಯೇ. ಬಹುಕಾಲ ಉಪವಾಸವಿದ್ದ ದೇಹಕ್ಕೆ ತಟ್ಟನೆ ಹೆಚ್ಚು ಅನ್ನ, ಸಕ್ಕರೆ ಬಿದ್ದಾಗ ರಕ್ತದಲ್ಲಿರುವ ರಂಜಕ, ಪೊಟ್ಯಾಶಿಯಂ ಮುಂತಾದ ಲವಣಗಳು ಜೀವಕೋಶಗಳ ಒಳಗೆ ಸೇರಿಕೊಂಡು ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ಹೃದಯದ ಬಡಿತ ಏರುಪೇರಾಗಬಹುದು. ಆಸ್ಪತ್ರೆಯಲ್ಲಿ ಬಿ1 ಜೀವಸತ್ವ ಕೊಟ್ಟು, ರಕ್ತಪರೀಕ್ಷೆ ಮಾಡುತ್ತ, ಆಹಾರವನ್ನು ಹಂತಹಂತವಾಗಿ ಹೆಚ್ಚಿಸುವುದು ಇದೇ ಕಾರಣಕ್ಕೆ.

ಮನೆಯಲ್ಲಿರುವ ರೋಗಿಯ ತೂಕವನ್ನು ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮೊದಲು ನೋಡಬೇಕು. ಚಪ್ಪಲಿ ಬಿಚ್ಚಿಸಿ, ಜೇಬಿನ ಮೊಬೈಲು, ಬೀಗದ ಕೈ ತೆಗೆಸಿ ನಿಲ್ಲಿಸಿ, ಏಕೆಂದರೆ ನಾವು ಹುಡುಕುತ್ತಿರುವುದು ಕೆಲವು ನೂರು ಗ್ರಾಮಿನ ವ್ಯತ್ಯಾಸವನ್ನು. ಮನೆಯಲ್ಲಿ ತಕ್ಕಡಿ ಇಲ್ಲದವರು ಹತ್ತಿರದ ಆರೋಗ್ಯ ಕೇಂದ್ರದ್ದನ್ನೋ, ನ್ಯಾಯಬೆಲೆ ಅಂಗಡಿಯಲ್ಲಿ ಮೂಟೆ ತೂಗುವ ಯಂತ್ರವನ್ನೋ ಕೇಳಿ ಬಳಸಬಹುದು. 42 ಕಿಲೋದ ರೋಗಿಗೆ ಎರಡು ತಿಂಗಳ ಗುರಿ ಸುಮಾರು 2 ಕಿಲೋ. ಮೊದಲ ತಿಂಗಳಲ್ಲಿ ತೂಕ ನಿಂತಲ್ಲೇ ನಿಂತಿದ್ದರೆ, ಅಥವಾ ಇಳಿಯುತ್ತಿದ್ದರೆ, ಮುಂದಿನ ಕಫ ಪರೀಕ್ಷೆಯ ದಿನದವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ಊಟ ಸಾಲದಿರುವುದು ಒಂದು ಕಾರಣ ಮಾತ್ರ; ಔಷಧಕ್ಕೆ ಬಗ್ಗದ ರೋಗಾಣು, ಪತ್ತೆಯಾಗದ ಸಕ್ಕರೆ ಕಾಯಿಲೆ, ಎಚ್‌ಐವಿ, ಬಿಡದ ಕುಡಿತ, ಇವುಗಳಲ್ಲಿ ಯಾವುದೂ ಇರಬಹುದು.

ತೂಕ ಬರೆದಿಡುವುದಕ್ಕೆ ಇನ್ನೊಂದು ಕಾರಣವಿದೆ. ಕ್ಷಯದ ಮಾತ್ರೆಗಳ ಸಂಖ್ಯೆಯನ್ನು ತೂಕಕ್ಕೆ ತಕ್ಕಂತೆ ನಿಗದಿಪಡಿಸುತ್ತಾರೆ: ವಯಸ್ಕರಲ್ಲಿ 35ರಿಂದ 49 ಕಿಲೋವರೆಗೆ ದಿನಕ್ಕೆ 3, 50ರಿಂದ 64 ಕಿಲೋವರೆಗೆ 4. ರೋಗಿ ಚೆನ್ನಾಗಿ ಚೇತರಿಸಿಕೊಂಡು 45ರಿಂದ 51 ಕಿಲೋಗೆ ಏರಿದರೆ ಹಳೆಯ ಪ್ರಮಾಣ ಸಾಲದಾಗಬಹುದು. ಆಗ ಮಾತ್ರೆಯನ್ನು ಹೆಚ್ಚಿಸಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ, ಆದರೆ ಅದನ್ನು ಅವರ ಗಮನಕ್ಕೆ ತರುವ ಕೆಲಸ ನೋಟ್‌ಬುಕ್ ಇಟ್ಟುಕೊಂಡವರದು.

ತಟ್ಟೆಯಲ್ಲಿ ಏನಿರಬೇಕು

ಕ್ಷಯ ರೋಗಿಗೆ, ಆತನಿಗಿರಬೇಕಾದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 40 ಕಿಲೋಕ್ಯಾಲರಿ ಶಕ್ತಿ ಮತ್ತು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎಂಬುದು ಒಪ್ಪಿತ ಲೆಕ್ಕ. ಮೇಲಿನ ಉದಾಹರಣೆಯ ವ್ಯಕ್ತಿ 54 ಕಿಲೋ ಇರಬೇಕಾದವನು. ಅವನಿಗೆ ದಿನಕ್ಕೆ ಸುಮಾರು 2,150 ಕಿಲೋಕ್ಯಾಲರಿ, 65ರಿಂದ 80 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಅಂಗಡಿಯ ಡಬ್ಬಿಯಿಲ್ಲದೆ ಇದನ್ನು ಅಡುಗೆಮನೆಯಲ್ಲೇ ಹೊಂದಿಸಬಹುದು. ಅಕ್ಕಿ, ರಾಗಿ, ಜೋಳ ಎಲ್ಲ ಸೇರಿ ದಿನಕ್ಕೆ 350 ಗ್ರಾಂ ಧಾನ್ಯ, 50 ಗ್ರಾಂ ಬೇಳೆ ಅಥವಾ ಕಾಳು, ಎರಡು ಮೊಟ್ಟೆ, 200 ಮಿಲಿಲೀಟರಿನ ಎರಡು ಲೋಟ ಹಾಲು ಅಥವಾ ಅದರ ಮೊಸರು, 30 ಗ್ರಾಂ ಶೇಂಗಾ, ಐದು ಚಮಚ ಎಣ್ಣೆ: ಇಷ್ಟಾದರೆ ಗುರಿ ಹೆಚ್ಚುಕಡಿಮೆ ತಲುಪುತ್ತದೆ. ಮೊಟ್ಟೆ ತಿನ್ನದವರು ಅದರ ಬದಲು ಒಂದು ಲೋಟ ಹಾಲನ್ನೂ ಒಂದು ಹಿಡಿ ಹುರಿಗಡಲೆ ಅಥವಾ ಸೋಯಾವನ್ನೂ ಸೇರಿಸಿಕೊಳ್ಳಲಿ. ಮೀನು, ಕೋಳಿ ತಿನ್ನುವ ಮನೆಗಳಲ್ಲಿ ಲೆಕ್ಕ ಇನ್ನೂ ಸುಲಭ. 100 ಗ್ರಾಂ ಮೀನಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಸಾರಿನಲ್ಲಿ. ಕಾಯಿಲೆಯವರಿಗೆ ಹಗುರವಾಗಲೆಂದು ಬೇಳೆ ಬೇಯಿಸಿ, ಮೇಲಿನ ಕಟ್ಟನ್ನು ಬಸಿದು, ಮೆಣಸು ಜೀರಿಗೆಯ ಒಗ್ಗರಣೆ ಕೊಟ್ಟು ತಿಳಿಸಾರು ಮಾಡುತ್ತಾರೆ. ಬೆಂದ ಬೇಳೆ ಪಲ್ಯವಾಗಿಯೋ ಮಸಾಲೆಗೆ ರುಬ್ಬಿಕೊಂಡೋ ಉಳಿದವರ ತಟ್ಟೆಗೆ ಹೋಗುತ್ತದೆ. ಬಸ್ಸಾರು ಮಾಡಿದ ದಿನವೂ ಇದೇ ಕಥೆ. ಪ್ರೋಟೀನಿನ ಹೆಚ್ಚಿನ ಪಾಲು ಇರುವುದು ಪಾತ್ರೆಯ ತಳದಲ್ಲಿ ಕೂತ ಬೇಳೆಯಲ್ಲಿ. ರೋಗಿಗೆ ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ ಗಟ್ಟಿಯನ್ನು ಎತ್ತಿ ಹಾಕಬೇಕು. ಗಂಜಿಯೂ ಅಷ್ಟೇ: ಬರೀ ತಿಳಿ ಹೊಟ್ಟೆ ತುಂಬಿಸುತ್ತದೆ, ತೂಕ ಏರಿಸುವುದಿಲ್ಲ. ಗಂಜಿಯನ್ನೇ ಕೊಡಬೇಕಾದ ದಿನಗಳಲ್ಲಿ ಹೆಸರುಬೇಳೆ ಹಾಕಿ ಬೇಯಿಸಿ, ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ, ಜೊತೆಗೆ ಶೇಂಗಾ ಚಟ್ನಿಪುಡಿ ಕೊಡಿ.

ಎರಡನೆಯದು ಪಥ್ಯ. ಕೆಮ್ಮಿದೆಯೆಂದು ಮೊಸರು, ಬಾಳೆಹಣ್ಣು ನಿಲ್ಲಿಸುತ್ತಾರೆ. ಉಷ್ಣವೆಂದು ಮೊಟ್ಟೆ, ನಂಜೆಂದು ಮೀನು, ವಾಯುವೆಂದು ಕಾಳು. ಒಂದೊಂದಾಗಿ ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಕ್ಷಯಕ್ಕೆ ಈ ಆಹಾರಗಳಲ್ಲಿ ಯಾವುದೂ ವರ್ಜ್ಯವಲ್ಲ. ಹಿರಿಯರೊಡನೆ ವಾದಕ್ಕಿಳಿಯುವುದಕ್ಕಿಂತ, ಅವರಿಗೆ ತೀರಾ ಒಪ್ಪಿಗೆಯಾಗದ ಒಂದನ್ನು ಬಿಟ್ಟು ಅಷ್ಟೇ ಪ್ರೋಟೀನಿನ ಬೇರೊಂದನ್ನು ಹಾಕುವುದು ಜಾಣತನ. ನೋಡಲು ಬರುವ ನೆಂಟರು ತರುವ ಬ್ರೆಡ್ಡು, ಸೇಬು, ಎಳನೀರುಗಳಿಂದ ಹಾನಿಯಿಲ್ಲ, ಆದರೆ ರೋಗಿಯ ಸಣ್ಣ ಹಸಿವನ್ನು ಅವೇ ಆಕ್ರಮಿಸಿಬಿಡುತ್ತವೆ. ‘ಏನು ತರಲಿ’ ಎಂದು ಕೇಳಿದವರಿಗೆ ಸಂಕೋಚವಿಲ್ಲದೆ ಮೊಟ್ಟೆಯನ್ನೋ ಶೇಂಗಾವನ್ನೋ ಹೇಳಿ.

ಮೊದಲ ಎರಡು ಮೂರು ವಾರ ಜ್ವರದಿಂದಾಗಿ ಬಾಯಿರುಚಿ ಇರುವುದಿಲ್ಲ. ಆಗ ಮೂರು ದೊಡ್ಡ ಊಟಕ್ಕೆ ಒತ್ತಾಯಿಸದೆ, ದಿನದಲ್ಲಿ ಆರು ಸಲ ಸ್ವಲ್ಪಸ್ವಲ್ಪ ಕೊಡಿ: ಹಾಲು ಬೆರೆಸಿದ ರಾಗಿ ಗಂಜಿ, ತುಪ್ಪ ಹಾಕಿದ ಮೆತ್ತನೆಯ ಪೊಂಗಲ್, ಬೇಯಿಸಿದ ಮೊಟ್ಟೆ, ಶೇಂಗಾ ಉಂಡೆ. ಜ್ವರ ಇಳಿದ ಮೇಲೆ ಹಸಿವು ತಾನಾಗಿ ಮರಳುತ್ತದೆ, ಆಗ ಪ್ರಮಾಣ ಹೆಚ್ಚಿಸಿ.

ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಅನ್ವಯಿಸುತ್ತದೆ. ರೋಗಿಯ ಹೆಸರು ನಿಕ್ಷಯ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು, ಅಷ್ಟೆ. ಹಣ ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಕ್ಷಯ ವಿಭಾಗದ ಮೇಲ್ವಿಚಾರಕರನ್ನೋ ಕೇಳಿ, ದಾನಿಗಳು ಕೊಡುವ ನಿಕ್ಷಯ್ ಮಿತ್ರ ಆಹಾರದ ಕಿಟ್ ನಿಮ್ಮ ಭಾಗದಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಅಕ್ಕಿ ಹೇಗೋ ಪಡಿತರದಲ್ಲಿ ಬರುವುದರಿಂದ ಈ ಹಣವನ್ನು ಮೊದಲು ಮೊಟ್ಟೆ, ಹಾಲು, ಬೇಳೆ, ಶೇಂಗಾಗಳಿಗೆ ಖರ್ಚು ಮಾಡುವುದು ಒಳ್ಳೆಯದು. ಟಾನಿಕ್ಕಿನ ಸರದಿ ಕಟ್ಟಕಡೆಗೆ ಬರಲಿ.

ಮಾತ್ರೆ ಮತ್ತು ಊಟದ ಹೊತ್ತು

ಕ್ಷಯದ ಮುಖ್ಯ ಔಷಧಗಳಾದ ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್ ಖಾಲಿ ಹೊಟ್ಟೆಯಲ್ಲಿ ಹೆಚ್ಚು ಚೆನ್ನಾಗಿ ಮೈಗೆ ಹತ್ತುತ್ತವೆ. ಬೆಳಗ್ಗೆ ಎದ್ದೊಡನೆ ಮಾತ್ರೆ ಕೊಟ್ಟು, ಒಂದು ಗಂಟೆ ಬಿಟ್ಟು ತಿಂಡಿ ಕೊಡುವುದು ಸರಳವಾದ ಕ್ರಮ. ಹೊಟ್ಟೆ ತೊಳಸಿ ವಾಂತಿಯಾಗುವವರಿಗೆ ವೈದ್ಯರ ಒಪ್ಪಿಗೆ ಪಡೆದು ಸ್ವಲ್ಪ ಲಘು ಆಹಾರದೊಡನೆ ಕೊಡಬಹುದು. ಮಾತ್ರೆಯನ್ನೇ ತಪ್ಪಿಸುವುದಕ್ಕಿಂತ ಅದು ಎಷ್ಟೋ ವಾಸಿ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಐಸೋನಿಯಾಜಿಡ್ ಹೀರಿಕೆಯನ್ನು ತಗ್ಗಿಸುವುದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಐಸೋನಿಯಾಜಿಡ್ ದೇಹದ ಬಿ6 ಜೀವಸತ್ವವನ್ನು ಖಾಲಿ ಮಾಡುವುದರಿಂದ ಕೈಕಾಲು ಜೋಮು, ಪಾದದಲ್ಲಿ ಉರಿ ಬರಬಹುದು. ಇದನ್ನು ತಡೆಯಲು ಕೊಡುವ ಸಣ್ಣ ಪಿರಿಡಾಕ್ಸಿನ್ ಮಾತ್ರೆಯನ್ನು ಬರೀ ವಿಟಮಿನ್ ಎಂದು ಉದಾಸೀನ ಮಾಡಬೇಡಿ, ಸಕ್ಕರೆ ಕಾಯಿಲೆ ಇರುವವರಲ್ಲಂತೂ ಖಂಡಿತ ಬೇಡ. ಕರಾವಳಿಯವರಿಗೆ ಒಂದು ಮಾತು: ಐಸೋನಿಯಾಜಿಡ್ ತೆಗೆದುಕೊಳ್ಳುವಾಗ ಬಂಗುಡೆಯಂಥ ಮೀನು ತಾಜಾ ಆಗಿಲ್ಲದಿದ್ದರೆ ಮುಖ ಕೆಂಪೇರಿ, ತಲೆನೋವು, ಎದೆಬಡಿತ ಕಾಣಿಸಿಕೊಳ್ಳಬಹುದು. ಮೀನು ಬಿಡಬೇಕಾಗಿಲ್ಲ, ಹೊಸದನ್ನೇ ತನ್ನಿ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಸಹಜ ಗುಣ, ಅದಕ್ಕೆ ಹೆದರಬೇಕಿಲ್ಲ. ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಬಲ ಪಕ್ಕೆಯ ಕೆಳಗೆ ನೋವು, ಊಟ ಕಂಡರೇ ಆಗದಿರುವುದು ಮಾತ್ರ ಯಕೃತ್ತಿಗೆ ಪೆಟ್ಟು ಬಿದ್ದಿರಬಹುದೆಂಬ ಸೂಚನೆ. ಮುಂದಿನ ಮಾತ್ರೆ ಕೊಡುವ ಮುನ್ನ ಅಂದೇ ವೈದ್ಯರನ್ನು ಕಾಣಿ. ಕುಡಿತ ಈ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಸಕ್ಕರೆ ಕಾಯಿಲೆಯೂ ಇದ್ದರೆ

ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು. ಬಂದ ಮೇಲೆ ಚಿಕಿತ್ಸೆ ವಿಫಲವಾಗುವ, ಮರುಕಳಿಸುವ, ಸಾವು ಸಂಭವಿಸುವ ಅಪಾಯವೂ ಅವರಿಗೆ ಹೆಚ್ಚು. ಆದ್ದರಿಂದಲೇ ಪ್ರತಿಯೊಬ್ಬ ಕ್ಷಯ ರೋಗಿಗೂ ಸಕ್ಕರೆಯ ಪರೀಕ್ಷೆ ಆಗಬೇಕೆಂಬ ನಿಯಮವಿದೆ. ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.5 ಮುಟ್ಟಿದ್ದರೆ ಇಲ್ಲವೇ ದಾಟಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ. ಸೋಂಕಿನ ಒತ್ತಡದಿಂದಲೂ ಸಕ್ಕರೆ ತಾತ್ಕಾಲಿಕವಾಗಿ ಏರುವುದುಂಟು, ಹಾಗಾಗಿ ಹೊಸದಾಗಿ ಪತ್ತೆಯಾದವರಿಗೆ ಕೆಲವು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಬೇಕಾಗುತ್ತದೆ.

ಈ ರೋಗಿಗಳ ಮನೆಯಲ್ಲಿ ಎರಡು ಸಲಹೆಗಳು ಎದುರುಬದುರಾಗುತ್ತವೆ. ಒಬ್ಬರು ‘ಅನ್ನ ಕಡಿಮೆ ಮಾಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಚೆನ್ನಾಗಿ ಉಣ್ಣಿ’ ಎನ್ನುತ್ತಾರೆ. ಹೆದರಿದ ರೋಗಿ ರಾತ್ರಿಯ ಊಟ ಬಿಟ್ಟು ಸಕ್ಕರೆಯನ್ನು 120ಕ್ಕೆ ಇಳಿಸಿಕೊಂಡು ಸಂತೋಷಪಡುತ್ತಾನೆ, ಅತ್ತ ತೂಕ 44ರಿಂದ 42ಕ್ಕೆ ಜಾರಿರುತ್ತದೆ. ಬಿಎಂಐ ಕಡಿಮೆಯಿರುವ ರೋಗಿಯಲ್ಲಿ ಊಟ ಕಡಿತಗೊಳಿಸಿ ಸಕ್ಕರೆ ಇಳಿಸಬಾರದು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ತೂಕಕ್ಕೆ ಬೇಕಾದಷ್ಟು ಊಟ ಮೊದಲು ನಿಗದಿಯಾಗಬೇಕು, ಆ ಊಟಕ್ಕೆ ತಕ್ಕಂತೆ ಮಾತ್ರೆ ಅಥವಾ ಇನ್ಸುಲಿನ್ ಹೊಂದಿಕೊಳ್ಳಬೇಕು. ಇನ್ಸುಲಿನ್ ಎಂದರೆ ‘ಕೊನೆಯ ಹಂತ’ ಎಂಬ ಭಯ ಬೇಡ. ತೀರಾ ಕೃಶರಾದ ಕ್ಷಯ ರೋಗಿಗಳಲ್ಲಿ ಅದು ಸಕ್ಕರೆಯನ್ನೂ ತಗ್ಗಿಸುತ್ತದೆ, ಸ್ನಾಯು ಕಟ್ಟುವುದಕ್ಕೂ ನೆರವಾಗುತ್ತದೆ.

ಕೈಬಿಡಬೇಕಾದದ್ದು ಸಕ್ಕರೆ, ಬೆಲ್ಲ, ಹಣ್ಣಿನ ರಸ, ಬೇಕರಿ ತಿನಿಸುಗಳನ್ನು. ಧಾನ್ಯದ ಒಟ್ಟು ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡು ಅದನ್ನು ಎರಡು ದೊಡ್ಡ ಊಟದ ಬದಲು ನಾಲ್ಕೈದು ಹೊತ್ತಿಗೆ ಹಂಚಿ, ಪ್ರತಿ ಸಲವೂ ಬೇಳೆ, ಮೊಟ್ಟೆ, ಮೊಸರುಗಳಲ್ಲಿ ಒಂದಾದರೂ ಜೊತೆಗಿರುವಂತೆ ನೋಡಿಕೊಳ್ಳಿ. ರಾಗಿ ಸಕ್ಕರೆ ಏರಿಸುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೇರಳವಾಗಿದೆ ಎಂಬುದು ನಿಜ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯೂ ದೊಡ್ಡ ಮುದ್ದೆಯೂ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ. ಮುದ್ದೆ ಉಣ್ಣಬೇಡಿ ಎಂದಲ್ಲ. ಅನ್ನದ ಲೆಕ್ಕದಲ್ಲಿ ಅದನ್ನೂ ಹಿಡಿಯಿರಿ, ಕಾಳಿನ ಸಾರಿನೊಡನೆ ಉಣ್ಣಿ.

ಔಷಧಗಳ ನಡುವಿನ ಜಗಳವನ್ನೂ ತಿಳಿದಿರಬೇಕು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗ್ಲಿಮಿಪಿರೈಡ್, ಗ್ಲೈಕ್ಲಾಜೈಡ್‌ನಂಥ ಸಕ್ಕರೆ ಮಾತ್ರೆಗಳು ದೇಹದಿಂದ ಬೇಗ ಹೊರಹೋಗಿ ಪರಿಣಾಮ ಕಳೆದುಕೊಳ್ಳುತ್ತವೆ. ಊಟದಲ್ಲಿ ಏನೂ ಬದಲಾಗದಿದ್ದರೂ ಸಕ್ಕರೆ ಏರಿದರೆ ರೋಗಿಯನ್ನು ಬೈಯಬೇಡಿ, ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ. ಮೆಟ್‌ಫಾರ್ಮಿನ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ, ಆದರೆ ಅದು ಕೆಲವರಲ್ಲಿ ಹಸಿವನ್ನು ಕುಗ್ಗಿಸುತ್ತದೆ. ಮಧುಮೇಹದ ಹೊಸ ಔಷಧಗಳಲ್ಲಿ ಕೆಲವು ತೂಕ ಇಳಿಸುವಂಥವು. ಸ್ಥೂಲಕಾಯದವರಿಗೆ ವರವಾದ ಆ ಗುಣ ಕ್ಷಯದಿಂದ ಸೊರಗಿದವರಿಗೆ ಬೇಡವಾದದ್ದು. ಸಕ್ಕರೆಯ ವೈದ್ಯರು ಮತ್ತು ಕ್ಷಯದ ವೈದ್ಯರು ಬೇರೆಬೇರೆಯಾಗಿದ್ದರೆ ಇಬ್ಬರಿಗೂ ಎರಡೂ ಚೀಟಿಗಳನ್ನು ತೋರಿಸುವುದು ಮನೆಯವರ ಜವಾಬ್ದಾರಿ.

ಮನೆಯ ಉಳಿದವರು

ರೋಗಿಗೆ ಹಾಲು, ಮೊಟ್ಟೆ ಉಣಿಸಲು ಮನೆಯ ಹೆಂಗಸರು ತಮ್ಮ ಪಾಲನ್ನು ಬಿಟ್ಟುಕೊಡುವುದು ಸಾಮಾನ್ಯ, ಅದರಲ್ಲೂ ಎಲ್ಲರದ್ದೂ ಆದ ಮೇಲೆ ಉಣ್ಣುವ ಮನೆಗಳಲ್ಲಿ. ಇದು ರೋಗವನ್ನು ಮುಂದಿನವರಿಗೆ ದಾಟಿಸುವ ದಾರಿ. ರೇಷನ್ಸ್ ಅಧ್ಯಯನದಲ್ಲಿ ಅರ್ಧದಷ್ಟು ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರ ಕೊಟ್ಟು, ಉಳಿದ ಮನೆಗಳಲ್ಲಿ ಪ್ರತಿ ಸದಸ್ಯರಿಗೂ ತಿಂಗಳಿಗೆ 5 ಕಿಲೋ ಅಕ್ಕಿ ಮತ್ತು 1.5 ಕಿಲೋ ಬೇಳೆ ಕೊಟ್ಟರು. ಎಲ್ಲರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದವರ ಪ್ರಮಾಣ 39 ಪ್ರತಿಶತ, ಪರೀಕ್ಷೆಯಲ್ಲಿ ರೋಗಾಣು ಕಂಡುಬಂದ ಕ್ಷಯದ ಪ್ರಮಾಣ 48 ಪ್ರತಿಶತ ಕಡಿಮೆಯಾಯಿತು. ಆದ್ದರಿಂದ ತೂಕದ ನೋಟ್‌ಬುಕ್ಕಿನಲ್ಲಿ ಮನೆಯ ಎಲ್ಲರ ಹೆಸರಿಗೂ ಒಂದೊಂದು ಪುಟ ಇರಲಿ. ಅವರಿಗೆ ಬೇಕಾದ ತಪಾಸಣೆ ಮತ್ತು ತಡೆ ಚಿಕಿತ್ಸೆಯನ್ನೂ ಆರೋಗ್ಯ ಕೇಂದ್ರದಲ್ಲಿ ಕೇಳಿ.

ತಟ್ಟೆ, ಲೋಟ ಬೇರೆ ಮಾಡುವ ಪದ್ಧತಿ ಇನ್ನೂ ಇದೆ. ಶ್ವಾಸಕೋಶದ ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ, ತಟ್ಟೆಯಿಂದ ಅಲ್ಲ. ಬೇರೆ ಕೂರಿಸಿ ಬಡಿಸಿದ ರೋಗಿ ಎರಡನೇ ಸಲ ಕೇಳಲು ಹಿಂಜರಿದು ಅರ್ಧ ಹೊಟ್ಟೆಯಲ್ಲಿ ಏಳುತ್ತಾನೆ. ಮೊದಲ ವಾರಗಳಲ್ಲಿ ಮಾಸ್ಕ್, ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇದ್ದರೆ ಸಾಕು.

ಚಿಕಿತ್ಸೆ ಮುಗಿದ ಮೇಲೆ

ಆರು ತಿಂಗಳ ಕೊನೆಯಲ್ಲಿ ಕಫದಲ್ಲಿ ರೋಗಾಣು ಇಲ್ಲವೆಂದಾದರೂ ಬಿಎಂಐ 18.5 ಮುಟ್ಟಿರದಿದ್ದರೆ ಆಹಾರದ ಕ್ರಮವನ್ನು ಮುಂದುವರಿಸಿ. ತೂಕ ಕಡಿಮೆ ಇರುವವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಯವರು ಈ ಹೊತ್ತಿನಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ರಿಫಾಂಪಿಸಿನ್ ನಿಂತ ಒಂದೆರಡು ವಾರಗಳಲ್ಲಿ ಯಕೃತ್ತಿನ ಕಿಣ್ವಗಳು ಮೊದಲಿನ ಸ್ಥಿತಿಗೆ ಮರಳುತ್ತವೆ, ಸೋಂಕಿನ ಒತ್ತಡವೂ ಆ ವೇಳೆಗೆ ಇರುವುದಿಲ್ಲ. ಚಿಕಿತ್ಸೆಯ ನಡುವೆ ಹೆಚ್ಚಿಸಿದ್ದ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಆಗ ಅತಿಯಾಗಿ, ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಕೊನೆಯ ಕ್ಷಯದ ಮಾತ್ರೆ ನುಂಗುವ ವಾರದಲ್ಲೇ ಸಕ್ಕರೆಯ ವೈದ್ಯರನ್ನು ಕಂಡು ಪ್ರಮಾಣವನ್ನು ಸರಿಪಡಿಸಿಕೊಳ್ಳಿ. ಆ ಬಳಿಕ 6, 12, 18 ಮತ್ತು 24ನೇ ತಿಂಗಳಲ್ಲಿ ನಡೆಯುವ ತಪಾಸಣೆಗೆ ತೂಕದ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ಎರಡು ತಪಾಸಣೆಗಳ ನಡುವೆ ಕಾರಣವಿಲ್ಲದೆ ತೂಕ ಇಳಿಯತೊಡಗಿದರೆ, ಕೆಮ್ಮು ಇರಲಿ ಬಿಡಲಿ, ದಿನಾಂಕಕ್ಕೆ ಕಾಯದೆ ಕಫ ಪರೀಕ್ಷೆ ಮಾಡಿಸಿ.